ಹದ ತಪ್ಪಿದ ಪ್ರಾಜೆಕ್ಟು

ಪ್ರಾಜೆಕ್ಟಿಗೆ ಆರು ವಾರ ಸಮಯ ಇತ್ತು. ವಿಷಯ: ಶೇಂಗಾ ಹೂವು ಕಾಯಾಗುವುದು ಹೇಗೆ? ನಮ್ಮೂರು ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ, ಗಿಡ ನಮ್ಮ ಹೊಲದಲ್ಲೇ. ಚಾರ್ಟ್ ಬರೆಯೋಕೆ ಎರಡು ದಿನ ಸಾಕು ಅಂದ್ಕೊಂಡು ನಾಲ್ಕು ವಾರ ಕಳೆದೆ. ಅಷ್ಟರಲ್ಲಿ ಮಾರಮ್ಮನ ಜಾತ್ರೆ, ಮನೆ ತುಂಬ ನೆಂಟರು.

ಬಿತ್ತಿದ ಸುಮಾರು 30 ದಿನಕ್ಕೆ ಶೇಂಗಾ ಹೂ ಬಿಡುತ್ತೆ. ಬೆಳಗ್ಗೆ ಅರಳಿದ ಹಳದಿ ಹೂವು ಅದೇ ದಿನ ಬಾಡುತ್ತೆ. ಆಮೇಲೆ ಅದರ ಬುಡದಿಂದ ಸಣ್ಣ ಸೂಜಿಯಂಥ ಎಳೆ ಕೆಳಗಿಳಿದು ಮಣ್ಣು ಹೊಗುತ್ತೆ. ಕಾಯಿ ಕಟ್ಟೋದು ಅಲ್ಲಿ, ಕತ್ತಲಲ್ಲಿ. ಎಷ್ಟು ಚಂದದ ಕೆಲಸ! ಆದರೆ ನಾನು ಹೊಲಕ್ಕೆ ಹೋದಾಗ ಮೊದಲ ಎಳೆಗಳು ಆಗಲೇ ಮಣ್ಣೊಳಗಿದ್ದವು.

ಅಪ್ಪ ಹೇಳಿದ್ರು: "ಹದ ಇದ್ದಾಗ ಬಿತ್ತಬೇಕು ಕಣವ್ವ. ಹದ ಆರಿದ ಮೇಲೆ ಎಷ್ಟು ದುಡಿದ್ರೂ ಬೀಜ ಏಳಲ್ಲ."

ಅವತ್ತೇ ಗೋಡೆ ಕ್ಯಾಲೆಂಡರ್ ತೆಗೆದು, ಒಪ್ಪಿಸುವ ದಿನದಿಂದ ಹಿಂದಕ್ಕೆ ಎಣಿಸಿದೆ. ನನಗಾಗಿ ಕಾಯದ ಕೆಲಸ ಮೊದಲು: ದಿನಾ ಬೆಳಗ್ಗೆ ಗಿಡ ನೋಡೋದು. ಚಿತ್ರ, ಬರವಣಿಗೆ ರಾತ್ರಿಗೆ. ಕೊನೆಯ ಎರಡು ದಿನ ಖಾಲಿ.

ತಡವಾಗಿ ಅರಳಿದ ಹೂವೊಂದು ಸಿಕ್ತು. ಪಕ್ಕದ ಟೊಂಗೆಗೆ ಕೆಂಪು ದಾರ ಕಟ್ಟಿದ್ದೀನಿ. ನಾಳೆ ಬೆಳಗ್ಗೆ ಮತ್ತೆ ಹೋಗ್ತೀನಿ.