ಸಂಕೋಚಕ್ಕಿಂತ ಜೀವ ದೊಡ್ಡದು

ಕುಲಗೋಡ ಎಂದೊಡನೆ ನಾಡಿನ ರಸಿಕರಿಗೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತ. ಆ ಸಣ್ಣಾಟಕ್ಕೆ ಜನಪ್ರಿಯ ರೂಪವನ್ನಿತ್ತ ತಮ್ಮಣ್ಣನವರು ಈ ಊರಿನವರು. ಹೆಣ್ಣುಮಕ್ಕಳು ರಂಗವೇರುವುದೇ ಅಪರೂಪವಾಗಿದ್ದ ಕಾಲದಲ್ಲಿ ಪಾರಿಜಾತವನ್ನು ಆಡಿ ಹೆಸರಾದ ನಿಂಗಮ್ಮನವರು ನೆರೆಯ ಕೌಜಲಗಿಯವರು. ನೆರೆದ ಊರಿನೆದುರು ದನಿಯೆತ್ತಿ ಹಾಡಿದ ಹೆಣ್ಣಿನ ಸೀಮೆಯಿದು. ಆದರೂ ಇಲ್ಲಿಯ ಅನೇಕ ತಾಯಂದಿರು ಒಂದು ಮಾತನ್ನು ಮಾತ್ರ ಇಂದಿಗೂ ಗಂಡನೆದುರು ಸಹ ಆಡಲಾರರು. ಎದೆಯಲ್ಲೊಂದು ಗಂಟು ಕೈಗೆ ತಾಗುತ್ತಿದೆ ಎಂಬುದೇ ಆ ಮಾತು.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಸ್ನಾನದ ವೇಳೆ ತಾಯಿಗೆ ಗಂಟು ತಿಳಿಯುತ್ತದೆ. ನೋವಿಲ್ಲವಾದ್ದರಿಂದ ಅದು ರೋಗವಲ್ಲವೆಂದು ಆಕೆ ಬಗೆಯುತ್ತಾಳೆ. ಕಬ್ಬು ಕಟಾವು ಮುಗಿಯಲಿ, ಮಗಳ ಮದುವೆ ಆಗಲಿ, ಮಗನ ಪರೀಕ್ಷೆ ಕಳೆಯಲಿ ಎಂದು ದಿನ ದೂಡುತ್ತಾಳೆ. ಗಂಟು ಹುಣ್ಣಾಗಿ ಬಟ್ಟೆಗೆ ತಾಗಿದ ಮೇಲಷ್ಟೇ ಮನೆಯವರಿಗೆ ಅರಿವಾಗುತ್ತದೆ. ಈ ಕಥೆಯಲ್ಲಿ ತಪ್ಪು ಆ ತಾಯಿಯದೊಂದೇ ಅಲ್ಲ. ಆಕೆಯ ಆರೋಗ್ಯವನ್ನು ಎಲ್ಲ ಕೆಲಸಗಳ ಕೊನೆಗಿರಿಸಿದ ಮನೆಯದೂ ಹೌದು.

ವಾಸ್ತವದಲ್ಲಿ ನೋವಿಲ್ಲದ ಗಂಟೇ ಈ ರೋಗದ ಸಾಮಾನ್ಯ ಲಕ್ಷಣ. ಮೊಲೆತೊಟ್ಟು ಒಳಕ್ಕೆ ಸರಿಯುವುದು, ಅದರಿಂದ ರಕ್ತ ಒಸರುವುದು, ಚರ್ಮವು ಕಿತ್ತಳೆ ಸಿಪ್ಪೆಯಂತೆ ತಗ್ಗುತೆಗ್ಗಾಗುವುದು, ಕಂಕುಳಲ್ಲಿ ಗಡ್ಡೆ ಕಾಣಿಸುವುದು, ಇವೂ ಎಚ್ಚರಿಕೆಯ ಗಂಟೆಗಳೇ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೆಂಬುದೂ ಅಷ್ಟೇ ನಿಜ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ನಿರ್ಧರಿಸಬೇಕಾದುದು ವೈದ್ಯರ ಪರೀಕ್ಷೆಯೇ ಹೊರತು ನಮ್ಮ ಊಹೆಯಲ್ಲ.

ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ. ಅಂತಾರಾಷ್ಟ್ರೀಯ ಅಂದಾಜಿನಂತೆ ೨೦೨೨ರಲ್ಲಿ ನಮ್ಮ ದೇಶದಲ್ಲಿ ಸುಮಾರು ೧ ಲಕ್ಷ ೯೨ ಸಾವಿರ ಮಹಿಳೆಯರಲ್ಲಿ ಇದು ಹೊಸದಾಗಿ ಪತ್ತೆಯಾಯಿತು; ಸುಮಾರು ೯೮ ಸಾವಿರ ಮಂದಿ ಅಸುನೀಗಿದರು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಇದು ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ತಡವಾಗಿ ಪತ್ತೆಯಾಗುವುದು ಸಾವುಗಳ ಒಂದು ಮುಖ್ಯ ಕಾರಣ.

ಹಾಗಾದರೆ ಹಳ್ಳಿಯ ಮಹಿಳೆ ಮಾಡಬೇಕಾದುದೇನು? ಇದಕ್ಕೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು ಅಮೂಲ್ಯವಾದ ಉತ್ತರವನ್ನು ಒದಗಿಸಿದ್ದಾರೆ. ೧೯೯೮ರಲ್ಲಿ ಆರಂಭವಾದ ಅವರ ಅಧ್ಯಯನದಲ್ಲಿ ೩೫ರಿಂದ ೬೪ ವರ್ಷ ವಯಸ್ಸಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ, ಒಟ್ಟು ನಾಲ್ಕು ಬಾರಿ, ಕೈಯಿಂದ ಮುಟ್ಟಿ ಪರೀಕ್ಷಿಸಿದರು. ದುಬಾರಿ ಯಂತ್ರದ ನೆರವಿರಲಿಲ್ಲ. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರೀಕ್ಷೆಗೊಳಗಾದವರಲ್ಲಿ ರೋಗವು ಬಲಿಯುವ ಮುನ್ನವೇ ಪತ್ತೆಯಾಯಿತು. ಐವತ್ತು ದಾಟಿದವರಲ್ಲಿ ಈ ರೋಗದಿಂದಾಗುವ ಮರಣ ಶೇಕಡಾ ೩೦ರಷ್ಟು ತಗ್ಗಿತು. ಐವತ್ತಕ್ಕಿಂತ ಕಿರಿಯರಲ್ಲಿ ಮರಣಗಳ ಇಳಿಕೆ ಹಾಗೆ ಕಂಡುಬರಲಿಲ್ಲವೆಂಬುದನ್ನೂ ಅವರು ಮರೆಮಾಚಲಿಲ್ಲ.

ಸರಕಾರದ ರಾಷ್ಟ್ರೀಯ ಕಾರ್ಯಕ್ರಮದ ತಿರುಳೂ ಇದೇ. ೨೦೧೬ರ ಮಾರ್ಗಸೂಚಿಯಂತೆ ೩೦ರಿಂದ ೬೫ ವರ್ಷದ ಪ್ರತಿಯೊಬ್ಬ ಮಹಿಳೆಗೂ ಐದು ವರ್ಷಗಳಿಗೊಮ್ಮೆ ತರಬೇತಿ ಹೊಂದಿದ ಕಾರ್ಯಕರ್ತೆಯಿಂದ ಸ್ತನ ಪರೀಕ್ಷೆ ನಡೆಯಬೇಕು. ಕರ್ನಾಟಕ ಸರಕಾರವು ೨೦೨೪ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ ೨೦೨೫ರಲ್ಲಿ ಇತರ ಜಿಲ್ಲೆಗಳಿಗೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯ ತಪಾಸಣೆಗಳಲ್ಲಿ ಸ್ತನ ಕ್ಯಾನ್ಸರೂ ಸೇರಿದೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಾಗ "ನಮಗೇನೂ ಆಗಿಲ್ಲ" ಎಂದು ಕಳುಹಿಸಿಬಿಡುವುದು ಜಾಣತನವಲ್ಲ. ಏನೂ ಆಗದಿರುವಾಗ ಮಾಡಿಸುವ ಪರೀಕ್ಷೆಗೇ ತಪಾಸಣೆಯೆಂದು ಹೆಸರು.

ಮ್ಯಾಮೊಗ್ರಫಿ ಎಂಬುದು ಸ್ತನದ ಕ್ಷ-ಕಿರಣ ಚಿತ್ರ. ಎರಡು ಫಲಕಗಳ ನಡುವೆ ಒತ್ತಿ ತೆಗೆಯುವುದರಿಂದ ಕೆಲವು ಕ್ಷಣ ನೋವೆನಿಸಬಹುದು. ಬಳಸುವ ಕಿರಣದ ಪ್ರಮಾಣ ಅಲ್ಪ. ಕೈಗೆ ಸಿಗದಷ್ಟು ಸಣ್ಣ ಗಂಟನ್ನೂ ಅದು ತೋರಿಸಬಲ್ಲದು. ಐವತ್ತು ದಾಟಿದವರಿಗೆ ಅದರ ಪ್ರಯೋಜನ ಹೆಚ್ಚು. ಹರೆಯದವರ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಅವರಿಗೆ ಅಲ್ಟ್ರಾಸೌಂಡ್ ಪರೀಕ್ಷೆ ಹೆಚ್ಚು ಅನುಕೂಲ. ತಾಯಿ ಅಥವಾ ಅಕ್ಕತಂಗಿಯರಿಗೆ ಈ ರೋಗ ಬಂದಿದ್ದರೆ ಯಾವ ವಯಸ್ಸಿನಿಂದ ತಪಾಸಣೆ ಬೇಕೆಂದು ವೈದ್ಯರನ್ನು ಮೊದಲೇ ಕೇಳಬೇಕು.

ಭಯವೂ ಸಂಕೋಚದಷ್ಟೇ ದೊಡ್ಡ ಶತ್ರು. ಸೂಜಿ ಚುಚ್ಚಿ ಪರೀಕ್ಷಿಸಿದರೆ ರೋಗ ಹರಡುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ, ಅದಕ್ಕೆ ಆಧಾರವಿಲ್ಲ. ಸೂಜಿಯ ಪರೀಕ್ಷೆಯಿಲ್ಲದೆ ರೋಗದ ಸ್ವರೂಪವೇ ತಿಳಿಯದು. ಸ್ತನವನ್ನೇ ತೆಗೆದುಬಿಡುತ್ತಾರೆಂಬುದು ಇನ್ನೊಂದು ಭಯ. ಗಂಟು ಸಣ್ಣದಿರುವಾಗ ಅದನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ನೀಡಿದರೂ ಬದುಕುಳಿಯುವ ಸಾಧ್ಯತೆ ಸಮನಾಗಿರುತ್ತದೆಂದು ಅಮೆರಿಕ ಮತ್ತು ಇಟಲಿಯ ೨೦ ವರ್ಷಗಳ ಅಧ್ಯಯನಗಳು ೨೦೦೨ರಲ್ಲಿ ತೋರಿಸಿಕೊಟ್ಟವು. ಬೇಗ ಹೋದವರಿಗೆ ಈ ಆಯ್ಕೆ ಉಳಿದಿರುತ್ತದೆ. ತಡವಾದವರಿಗೆ ಅನೇಕ ವೇಳೆ ಅದೂ ಉಳಿಯುವುದಿಲ್ಲ.

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ೨೦೨೫ರ ಜನವರಿಯಲ್ಲಿ ಉದ್ಘಾಟಿಸಿದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗಿನ ನೆರವಿದೆ. ಲಕ್ಷಣ ಕಂಡು ವೈದ್ಯರ ಬಳಿ ಹೋದ ೬೦ ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ ಮುಂದಿಟ್ಟ ಗುರಿ. ಮದುವೆ, ಸುಗ್ಗಿಗಳ ಲೆಕ್ಕಕ್ಕಿಂತ ಈ ಲೆಕ್ಕ ಮುಖ್ಯವಾಗಲಿ.

ಧರ್ಮಸಭೆಯು ಸ್ತನರೋಗಿಗಳ ಪಾಲಕಿಯೆಂದು ಗೌರವಿಸುವವರು ಸಿಸಿಲಿಯ ಕತಾನಿಯಾದ ರಕ್ತಸಾಕ್ಷಿ ಸಂತ ಅಗಾಥ. ಹಿಂಸಕರು ಆಕೆಯ ಸ್ತನಗಳನ್ನು ಕತ್ತರಿಸಿದರೆಂದು ಪರಂಪರೆ ಹೇಳುತ್ತದೆ. ಫೆಬ್ರವರಿ ೫ ಆಕೆಯ ಸ್ಮರಣೆಯ ದಿನ. ಆ ಅಂಗದ ಹೆಸರನ್ನೆತ್ತಲು ಧರ್ಮಸಭೆ ನಾಚಿಲ್ಲ, ನಾವೇಕೆ ನಾಚಬೇಕು? ಆ ದಿನದ ಬಲಿಪೂಜೆಯ ಬಳಿಕ ಧರ್ಮಕೇಂದ್ರದ ಮಹಿಳಾ ಸಂಘವು ಆರೋಗ್ಯ ಕಾರ್ಯಕರ್ತೆಯರನ್ನು ಕರೆಸಿ, ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಏರ್ಪಡಿಸಬಹುದು. ನೆರೆಹೊರೆಯ ಎಲ್ಲ ಮತಗಳ ಸೋದರಿಯರನ್ನೂ ಆಹ್ವಾನಿಸಬಹುದು.

ಕೊನೆಯ ಮಾತು ಮನೆಯ ಗಂಡಸರಿಗೆ. ಮನೆಯಾಕೆಯನ್ನು ಇಂದೇ ಕೇಳಿರಿ. ಆಸ್ಪತ್ರೆಗೆ ಹೋಗುವ ದಿನ ಹೊಲದ ಕೆಲಸ ಬಿಟ್ಟು ಜೊತೆಗೆ ನಡೆಯಿರಿ. ಸಂಜೆಯ ಪ್ರಾರ್ಥನೆಗೆ ಎಲ್ಲರನ್ನೂ ಕೂಡಿಸುವ ತಾಯಿ ಮನೆಯಲ್ಲಿ ಬಹುಕಾಲ ಇರಬೇಕೆಂಬ ಆಸೆ ನಿಮ್ಮದಾಗಿದ್ದರೆ, ಆಕೆಯನ್ನು ತಪಾಸಣೆಗೆ ಕರೆದೊಯ್ಯುವ ಹೊಣೆಯೂ ನಿಮ್ಮದೇ.