ನಿಮಗಿದು ಗೊತ್ತೇ? ಶಂಖಪುಷ್ಪದ ಬೀಜಕ್ಕೆ ಉಪ್ಪುಕಾಗದ ಬೇಕು!

ಬೇಲಿಯ ಮೇಲೆ ಯಾರ ಹಂಗೂ ಇಲ್ಲದೆ ಹಬ್ಬುವ ಶಂಖಪುಷ್ಪ, ಕುಂಡದಲ್ಲಿ ಬೀಜ ಊರಿದರೆ ಮಾತ್ರ ಬೇಗ ಏಳುವುದಿಲ್ಲ. ನೀರು ಒಳಗಿಳಿಯದಷ್ಟು ಗಟ್ಟಿ ಸಿಪ್ಪೆ ಅದರದ್ದು. ಹಾಗೇ ಬಿತ್ತಿದರೆ ಕೆಲವು ವಾರದಲ್ಲೇ ಮೊಳೆತಾವು, ಕೆಲವು ತಿಂಗಳುಗಟ್ಟಲೆ ಮಣ್ಣಲ್ಲೇ ಉಳಿದಾವು.

ಆದ್ದರಿಂದ ಬೀಜದ ಕಣ್ಣಿರುವ ಬದಿಯನ್ನು ಬಿಟ್ಟು ಇನ್ನೊಂದು ಬದಿಯನ್ನು ಉಪ್ಪುಕಾಗದಕ್ಕೆ ಉಜ್ಜಿ. ಒಳಗಿನ ತಿಳಿಬಣ್ಣ ಇಣುಕಿದರೆ ಸಾಕು. ರಾತ್ರಿ ನೆನೆಹಾಕಿ. ಬೆಳಿಗ್ಗೆ ಉಬ್ಬಿದ್ದನ್ನು ಅರ್ಧ ಇಂಚು ಆಳಕ್ಕೆ ಊರಿ, ಉಬ್ಬದ್ದನ್ನು ಮತ್ತೊಮ್ಮೆ ಉಜ್ಜಿ. ಒಂದೆರಡು ವಾರದಲ್ಲಿ ಮೊಳಕೆ. ಬೇರು ಆಳಕ್ಕಿಳಿಯುವ ಗಿಡ, ಕಿತ್ತು ನೆಟ್ಟರೆ ಸೊರಗುತ್ತದೆ. ಬೆಳೆಯಬೇಕಾದ ಕುಂಡದಲ್ಲೇ ಬಿತ್ತುವುದು ಲೇಸು.

ಇದು ಅವರೆ, ತೊಗರಿಯ ಕುಲದ ಬಳ್ಳಿ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಯೂರಿಯಾ ಸುರಿದರೆ ಎಲೆ ಸೊಂಪಾಗುತ್ತದೆ, ಹೂವಿಗಾಗಿ ಕಾಯುತ್ತಾ ಕೂರಬೇಕು! ಹಿಡಿದು ಹತ್ತಲು ಕುಡಿಬಳ್ಳಿಗಳಿಲ್ಲ, ಕಾಂಡವೇ ಸುತ್ತಿಕೊಳ್ಳುತ್ತದೆ. ದಪ್ಪ ಕಂಬಕ್ಕಿಂತ ದಾರವೋ ತಂತಿಯೋ ಇದಕ್ಕೆ ಇಷ್ಟ.

ಹೂವು ತಲೆಕೆಳಗು! ಅವರೆಯ ಹೂವಿನಲ್ಲಿ ಮೇಲಿರುವ ದೊಡ್ಡ ಎಸಳು ಇಲ್ಲಿ ಕೆಳಗೆ. ಹಾಗಾಗಿ ಒಳಹೊಕ್ಕ ಜೇನಿನ ಬೆನ್ನಿಗೆ ಪರಾಗ ಅಂಟುತ್ತದೆ.

ಮಲೇಷ್ಯಾದ ಕೆಲಂತಾನ್‌ನಲ್ಲಿ ಇದೇ ಹೂವಿನಿಂದ ಅನ್ನಕ್ಕೆ ನೀಲಿ ಹಚ್ಚುತ್ತಾರೆ, ಆ ಖಾದ್ಯಕ್ಕೆ ನಾಸಿ ಕೆರಾಬು ಎಂದು ಹೆಸರು. ಹೂವಿನ ಸಾರವನ್ನು ಆಹಾರದ ಬಣ್ಣವಾಗಿ ಬಳಸಲು ಅಮೆರಿಕದ ಎಫ್‌ಡಿಎ ಒಪ್ಪಿದ್ದು 2021ರಲ್ಲಿ. ಬಿಸಿನೀರಿಗೆ ನಾಲ್ಕು ಹೂ ಹಾಕಿ ನೋಡಿ: ನೀಲಿ. ನಿಂಬೆರಸ ಬಿದ್ದರೆ ನೇರಳೆ, ಇನ್ನಷ್ಟು ಬಿದ್ದರೆ ಗುಲಾಬಿ. ಅಡುಗೆಸೋಡಾ ಸೇರಿಸಿದರೆ ಹಸಿರಿಗೆ ತಿರುಗುತ್ತದೆ. ಆಮ್ಲ–ಕ್ಷಾರ ಕಲಿಯುವ ಮಕ್ಕಳಿಗೆ ಇಷ್ಟು ಅಗ್ಗದ ಲಿಟ್ಮಸ್ ಬೇರೆಲ್ಲಿ ಸಿಕ್ಕೀತು?

ಈ ನೀಲಿ ಚಹಾ ಕುಡಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬ ಜಾಹೀರಾತುಗಳ ಹಿಂದೆ ಒಂದು ಗೊಂದಲವೂ ಇದೆ. ಬುದ್ಧಿಗೆ ಹೆಸರಾದ ಶಂಖಪುಷ್ಪಿ ಎಂದರೆ ಭಾರತದ ಆಯುರ್ವೇದ ಫಾರ್ಮಕೋಪಿಯಾದ ಪ್ರಕಾರ ನೆಲದ ಮೇಲೆ ಹರಡುವ ಕನ್ವಾಲ್ವ್ಯುಲಸ್ ಎಂಬ ಬೇರೆಯೇ ಗಿಡ. ಕೇರಳದ ವೈದ್ಯರು ಮಾತ್ರ ನಮ್ಮ ಈ ಬಳ್ಳಿಯನ್ನೇ ಆ ಹೆಸರಿನಲ್ಲಿ ಬಳಸುತ್ತಾ ಬಂದಿದ್ದಾರೆ. ಆಯುರ್ವೇದದಲ್ಲಿ ಇದು ಅಪರಾಜಿತಾ. ಬಿಳಿ ಹೂವಿನದೂ ಉಂಟು, ನೀಲಿಯದೂ ಉಂಟು. ಮದ್ದಿಗೆ ಮುಖ್ಯವಾದುದು ಹೂವಲ್ಲ, ಬೇರು. ಬೇರು, ಬೀಜ ಎರಡೂ ಭೇದಿ ಮಾಡಿಸುತ್ತವೆ. ವೈದ್ಯರನ್ನು ಕೇಳದೆ, ಅದರಲ್ಲೂ ಬಸುರಿಯರು, ಇವುಗಳ ತಂಟೆಗೆ ಹೋಗಬಾರದು. ಹೂವನ್ನು ಬಣ್ಣಕ್ಕಾಗಿ ಕುಡಿಯಿರಿ, ಪರೀಕ್ಷೆಯ ಅಂಕಕ್ಕಾಗಿ ಅಲ್ಲ.

ಗಿಡದಲ್ಲಿರುವ ಸೈಕ್ಲೋಟೈಡ್ ಎಂಬ ಪುಟ್ಟ ಪ್ರೋಟೀನುಗಳು ಕೀಟಗಳಿಗೆ ಆಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಶಂಖಪುಷ್ಪದ ಸಾರದಿಂದ ಮಾಡಿದ ಕೀಟನಾಶಕವನ್ನು ಹತ್ತಿ ಬೆಳೆಗೆ ಸಿಂಪಡಿಸುತ್ತಾರೆ.

ಮುಂದಿನ ಬಿತ್ತನೆಗೆ ಬೀಜ ಬೇಕೇ? ಚಪ್ಪಟೆ ಕಾಯಿ ಒಣಗಿ ಕಂದಾದೊಡನೆ ಬಿಡಿಸಿಕೊಳ್ಳಿ. ತಡಮಾಡಿದರೆ ಸಿಪ್ಪೆ ತಿರುಚಿಕೊಂಡು ಸಿಡಿದು, ಬೀಜ ಪಕ್ಕದ ಮನೆಯ ಅಂಗಳಕ್ಕೆ ಹಾರಿರುತ್ತದೆ.