ಮನೆಯ ಕೊಳೆನೀರೂ ಊರಿನ ಹಳ್ಳವೂ

ಕೊಪ್ಪಳ ಜಿಲ್ಲೆಯ ಹದಿನಾರು ವರ್ಷದ ಬಾಲಿಕೆಯೊಬ್ಬಳು, ಮನೆಗೆ ಶೌಚಾಲಯ ಬೇಕೆಂದು ಅನ್ನ ಬಿಟ್ಟು ಸತ್ಯಾಗ್ರಹ ಹೂಡಿದ ಸಂಗತಿಯನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಪೋಷಕರೂ ಕೇಳಿರಬಹುದು. ಗ್ರಾಮ ಪಂಚಾಯಿತಿಯ ಪ್ರಮುಖರು ನೆರವಾದುದರಿಂದ ಒಂದೇ ವಾರದಲ್ಲಿ ಶೌಚಾಲಯವು ಸಿದ್ಧವಾಯಿತು. ೨೦೧೬ನೆಯ ಆಗಸ್ಟಿನಲ್ಲಿ ದೇಶದ ಪ್ರಧಾನಮಂತ್ರಿಗಳು ರೇಡಿಯೋ ಭಾಷಣದಲ್ಲಿ ಆಕೆಯನ್ನು ಕೊಂಡಾಡಿದರು. ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಇದು ಅಭಿಮಾನದ ಮಾತೇ ಸರಿ. ಆದರೆ ಶೌಚಾಲಯವನ್ನು ಕಟ್ಟಿದಲ್ಲಿಗೆ ಕರ್ತವ್ಯವು ತೀರಲಿಲ್ಲ. ಅದರ ಕೊಳೆನೀರು ಎಲ್ಲಿಗೆ ಹೋಗತಕ್ಕದ್ದೆಂಬುದನ್ನೂ ವಿಚಾರಿಸಬೇಕು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ಅನೇಕ ಹಳ್ಳಗಳು ಮಳೆಗಾಲ ಕಳೆದೊಡನೆ ಬತ್ತುತ್ತವೆ. ಬತ್ತಿದ ಹಳ್ಳಕ್ಕೆ ಕೊಳೆ ಬಿಟ್ಟರೆ ಯಾರಿಗೇನು ಕೇಡೆಂದು ಕೆಲವರು ಎಣಿಸುವರು. ಕಾಯಿದೆಯು ಹಾಗೆ ಎಣಿಸುವುದಿಲ್ಲ. ೧೯೭೪ನೆಯ ಜಲಮಾಲಿನ್ಯ ಕಾಯಿದೆಯ ೨೪ನೆಯ ಪ್ರಕರಣವು, ಮಲಿನ ಪದಾರ್ಥವನ್ನು ತಿಳಿದೂ ತಿಳಿದೂ ತೊರೆಗಾಗಲಿ, ಬಾವಿಗಾಗಲಿ, ನೆಲದ ಮೇಲಾಗಲಿ ಯಾರೂ ಬಿಡಕೂಡದೆಂದು ವಿಧಿಸುತ್ತದೆ. 'ತೊರೆ' ಎಂಬುದರಲ್ಲಿ ಸದ್ಯಕ್ಕೆ ಒಣಗಿರುವ ಹಳ್ಳವೂ ಭೂಗತ ಜಲವೂ ಸೇರಿವೆ. ಇದು ಯುಕ್ತವೇ ಆಗಿದೆ. ಏಕೆಂದರೆ ಒಣ ಹಳ್ಳದ ಕೊಳೆಯನ್ನು ಮೊದಲ ಮಳೆಯೇ ಕೆರೆಗೂ ನದಿಗೂ ಕೊಚ್ಚಿಕೊಂಡು ಹೋಗುವುದು, ಇಂಗಿದುದು ಕುಡಿಯುವ ಬಾವಿಯನ್ನು ಸೇರುವುದು. ಸಾರ್ವಜನಿಕ ಜಲಾಶಯವನ್ನು ಬೇಕೆಂದೇ ಕೆಡಿಸಿದವರಿಗೆ ೨೦೨೪ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಆರು ತಿಂಗಳವರೆಗೆ ಸೆರೆವಾಸ, ೫,೦೦೦ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಊರಿಗೆ ತಕ್ಕ ಚರಂಡಿಯನ್ನು ಒದಗಿಸುವ ಹೊಣೆಯನ್ನು ೧೯೯೩ನೆಯ ಪಂಚಾಯತ್ ರಾಜ್ ಕಾಯಿದೆಯು ಗ್ರಾಮ ಪಂಚಾಯಿತಿಗೆ ಒಪ್ಪಿಸಿದೆ.

ಶಿಕ್ಷೆಯ ಭಯಕ್ಕಿಂತ ಉಪಾಯವನ್ನು ಅರಿಯುವುದು ಲೇಸು. ಶೌಚಾಲಯಕ್ಕೆ ಎರಡು ಇಂಗುಗುಂಡಿಗಳಿರಲಿ. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ, ನೀರನ್ನು ಎರಡನೆಯದಕ್ಕೆ ತಿರುಗಿಸತಕ್ಕದ್ದು. ಮುಚ್ಚಿದುದನ್ನು ಎರಡು ವರ್ಷ ಹಾಗೆಯೇ ಬಿಟ್ಟರೆ ಮಲವು ಹೊಲಕ್ಕೆ ಹಾಕಬಹುದಾದ ಗೊಬ್ಬರವಾಗುವುದು. ಗುಂಡಿಯು ಕುಡಿಯುವ ನೀರಿನ ಬಾವಿಯಿಂದ ೧೦ ಮೀಟರಿಗಿಂತ ಹತ್ತಿರವಿರಬಾರದು. ಸ್ನಾನದ ಹಾಗೂ ಪಾತ್ರೆ ತೊಳೆದ ನೀರಿಗೆ ಕಲ್ಲು, ಮರಳು ತುಂಬಿದ ಬಚ್ಚಲುಗುಂಡಿಯೇ ಬೇರೆ. ಶೌಚದ ತೊಟ್ಟಿ ತುಂಬಿದರೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಅದರೊಳಗೆ ಇಳಿಸುವುದನ್ನು ೨೦೧೩ನೆಯ ಕಾಯಿದೆಯು ನಿಷೇಧಿಸಿದೆ. ಅಲ್ಲಿಯ ವಿಷವಾಯುವು ಕ್ಷಣಮಾತ್ರದಲ್ಲಿ ಪ್ರಾಣ ತೆಗೆಯಬಲ್ಲದು.

ಕೊಡ ಹೊತ್ತು ನೀರು ತರುವವಳೂ, ಕೆಟ್ಟ ನೀರಿನಿಂದ ಬೇನೆಬಿದ್ದ ಮಗುವಿನ ಬಳಿ ರಾತ್ರಿಯೆಲ್ಲ ಎಚ್ಚರವಿರುವವಳೂ ಹೆಂಗಸೇ. ಆದಕಾರಣ ಮುಂದಿನ ಗ್ರಾಮಸಭೆಯಲ್ಲಿ, ನಮ್ಮ ಬೀದಿಯ ಕೊಳೆನೀರು ಎಲ್ಲಿ ಸೇರುತ್ತದೆಂಬ ಪ್ರಶ್ನೆಯನ್ನು ನಮ್ಮ ಶಾಲೆಯಲ್ಲಿ ಓದಿದವರೇ ಮೊದಲು ಎತ್ತಬೇಕೆಂದು ನಾವು ಅಪೇಕ್ಷಿಸುತ್ತೇವೆ.